ಟನೆಲ್ ಒಂದು ವಿಆರ್‌ಎಫ್‌ನಲ್ಲಿ, ಇಂಟರ್‌ನೆಟ್ ಲಿಂಕ್ ಇನ್ನೊಂದರಲ್ಲಿ: ಲೈನ್ ಪ್ರೋಟೊಕಾಲ್ ಡೌನ್

ಪ್ರಶ್ನೆ (ಜಾಲಿಗ)

ಎರಡೂ ತುದಿಯಲ್ಲಿ ಸಿಸ್ಕೋ ಐಒಎಸ್ ಎಕ್ಸ್‌ಇ ರೂಟರ್. ಇಂಟರ್‌ನೆಟ್ ಪೋರ್ಟ್ 'ವ್ಯಾನ್' ವಿಆರ್‌ಎಫ್‌ನಲ್ಲಿದೆ (ವಿಆರ್‌ಎಫ್ ಅಂದರೆ ಒಂದೇ ರೂಟರಿನೊಳಗಿನ ಪ್ರತ್ಯೇಕ ರೂಟಿಂಗ್ ಟೇಬಲ್), ವಿಳಾಸ 192.0.2.10. ಎದುರಿನದು 198.51.100.20. ಬಳಕೆದಾರರು 'ಕಚೇರಿ' ವಿಆರ್‌ಎಫ್‌ನಲ್ಲಿ. ಜಿಆರ್‌ಇ (ಒಂದು ಪ್ಯಾಕೆಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವ ವಿಧಾನ) ಟನೆಲ್ 10ಕ್ಕೆ ಹಾಕಿದ್ದು ಇಷ್ಟೇ:

ವಿಆರ್‌ಎಫ್ ಫಾರ್ವರ್ಡಿಂಗ್ ಕಚೇರಿ
ಐಪಿ ಅಡ್ರೆಸ್ 10.255.0.1 255.255.255.252
ಟನೆಲ್ ಸೋರ್ಸ್ ಗಿಗಾಬಿಟ್‌ಈಥರ್ನೆಟ್ 0/0/0
ಟನೆಲ್ ಡೆಸ್ಟಿನೇಶನ್ 198.51.100.20
ಕೀಪ್‌ಅಲೈವ್ 5 3

'ಪಿಂಗ್ ವಿಆರ್‌ಎಫ್ ವ್ಯಾನ್ 198.51.100.20' ಹೋಗುತ್ತದೆ. ಆದರೂ ಟನೆಲ್ ಅಪ್/ಡೌನ್ (ಇಂಟರ್‌ಫೇಸ್ ಅಪ್, ಲೈನ್ ಪ್ರೋಟೊಕಾಲ್ ಡೌನ್) ತೋರಿಸುತ್ತದೆ. ಏನು ಬಿಟ್ಟುಹೋಗಿದೆ?

ಉತ್ತರ (ಪ್ಯಾಕೆಟ್‌ಪ್ರಿಯ)

'ಟನೆಲ್ ವಿಆರ್‌ಎಫ್ ವ್ಯಾನ್' ಸಾಲು ಇಲ್ಲ.

ಟನೆಲ್‌ಗೆ ಎರಡು ಟೇಬಲ್ ಸಂಬಂಧ. 'ವಿಆರ್‌ಎಫ್ ಫಾರ್ವರ್ಡಿಂಗ್' ಹೇಳುವುದು ಒಳಗಿನ ಪ್ಯಾಕೆಟ್ ಯಾವ ಟೇಬಲ್‌ಗೆ ಸೇರಿದ್ದು ಎಂದು ಮಾತ್ರ. ಅದಕ್ಕೆ ಜಿಆರ್‌ಇ ಹೊದಿಕೆ ಹಾಕಿದ ಮೇಲೆ 198.51.100.20ರ ದಾರಿಯನ್ನು ಎಲ್ಲಿ ಹುಡುಕಬೇಕು ಎಂಬುದನ್ನು 'ಟನೆಲ್ ವಿಆರ್‌ಎಫ್' ಹೇಳಬೇಕು. ಹೇಳದಿದ್ದರೆ ರೂಟರ್ ಗ್ಲೋಬಲ್ ಟೇಬಲ್ (ಯಾವ ವಿಆರ್‌ಎಫ್‌ಗೂ ಸೇರದ ಮುಖ್ಯ ಟೇಬಲ್) ನೋಡುತ್ತದೆ. ಅಲ್ಲಿ ದಾರಿ ಇಲ್ಲ, ಹಾಗಾಗಿ ಡೌನ್. ಗ್ಲೋಬಲ್‌ನಲ್ಲಿ ಯಾವುದೋ ಡಿಫಾಲ್ಟ್ ರೂಟ್ ಇದ್ದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಕೀಪ್‌ಅಲೈವ್ (ಕೊಂಡಿ ಬದುಕಿದೆಯೇ ಎಂದು ಆಗಾಗ ಕಳಿಸುವ ಪರೀಕ್ಷಾ ಪ್ಯಾಕೆಟ್) ಇಲ್ಲದ ಟನೆಲ್ ಅಪ್/ಅಪ್ ಎಂದೇ ತೋರಿಸುತ್ತದೆ, ಪ್ಯಾಕೆಟ್ ಮಾತ್ರ ತಪ್ಪು ಪೋರ್ಟಿನಿಂದ ಹೊರಬೀಳುತ್ತದೆ.

ಸೋರ್ಸ್ ಪೋರ್ಟ್ ಕೂಡ ಅದೇ 'ವ್ಯಾನ್'ನಲ್ಲೇ ಇರಬೇಕು. ನಿಮ್ಮದು ಸರಿಯಿದೆ. ಇನ್ನೊಂದು: ಇಂಟರ್‌ಫೇಸಿನ ವಿಆರ್‌ಎಫ್ ಬದಲಿಸಿದರೆ ಅದರ ಐಪಿ ವಿಳಾಸ ಅಳಿಸಿಹೋಗುತ್ತದೆ, ಮತ್ತೆ ಹಾಕಬೇಕು. ದೂರದಿಂದ ಲಾಗಿನ್ ಆಗಿರುವ ಪೋರ್ಟಿನ ಮೇಲೆ ಈ ಕೆಲಸ ಬೇಡ.

ಉತ್ತರ (ಹಾಪ್‌ಕೌಂಟ್)

ಆ ಸಾಲು ಹಾಕಿದರೂ ಟನೆಲ್ ಎದ್ದು 15 ಸೆಕೆಂಡಿಗೆಲ್ಲ (5 ಸೆಕೆಂಡಿಗೊಂದರಂತೆ 3 ಕೀಪ್‌ಅಲೈವ್ ತಪ್ಪಿದ ಮೇಲೆ) ಮತ್ತೆ ಬೀಳುತ್ತದೆ. ಕೀಪ್‌ಅಲೈವ್ ತೆಗೆಯಿರಿ.

ಜಿಆರ್‌ಇ ಕೀಪ್‌ಅಲೈವ್‌ನಲ್ಲಿ ಎದುರಿನವನು ಉತ್ತರ ಬರೆಯುವುದೇ ಇಲ್ಲ. ಉತ್ತರವನ್ನೂ ನಿಮ್ಮ ರೂಟರೇ ತಯಾರಿಸಿ ಒಳಗಿಟ್ಟು ಕಳಿಸುತ್ತದೆ. ಎದುರಿನ ರೂಟರ್ ಹೊದಿಕೆ ಬಿಚ್ಚಿ, ಒಳಗೆ ಸಿಕ್ಕ ಪ್ಯಾಕೆಟನ್ನು 192.0.2.10ಕ್ಕೆ ವಾಪಸ್ ಕಳಿಸಬೇಕು. ಆದರೆ ಬಿಚ್ಚಿದ ಪ್ಯಾಕೆಟ್ ಬಿದ್ದದ್ದು 'ಕಚೇರಿ' ಟೇಬಲ್‌ಗೆ. ಆ ವಿಳಾಸದ ದಾರಿ ಇರುವುದು 'ವ್ಯಾನ್'ನಲ್ಲಿ. ಅಲ್ಲಿಗೆ ಅದರ ಕಥೆ ಮುಗಿಯಿತು. ಒಳ-ಹೊರ ವಿಆರ್‌ಎಫ್ ಬೇರೆಯಾದರೆ ಈ ಕೀಪ್‌ಅಲೈವ್ ನಡೆಯುವುದಿಲ್ಲ. ಟನೆಲ್ ಮೇಲೆ ಓಎಸ್‌ಪಿಎಫ್ ಅಥವಾ ಬಿಜಿಪಿ ರೂಟಿಂಗ್ ಪ್ರೋಟೊಕಾಲ್ ಓಡಿಸಿದರೆ ಕೊಂಡಿ ಸತ್ತದ್ದು ಅವಕ್ಕೇ ಗೊತ್ತಾಗುತ್ತದೆ. ಸ್ಟ್ಯಾಟಿಕ್ ರೂಟ್ ಆದರೆ 'ಕಚೇರಿ' ವಿಆರ್‌ಎಫ್‌ನಿಂದ ಐಪಿ ಎಸ್‌ಎಲ್‌ಎ (ರೂಟರ್ ತಾನೇ ಆಗಾಗ ಮಾಡುವ ಪರೀಕ್ಷೆ) ಪಿಂಗ್ ಇಟ್ಟು, ಅದರ ಫಲಿತಾಂಶಕ್ಕೆ ರೂಟನ್ನು ಟ್ರ್ಯಾಕ್ ಮೂಲಕ ಕಟ್ಟಿ.

ಜಾಲಿಗ

ಎರಡೂ ಮಾಡಿದೆ, ಟನೆಲ್ ನಿಂತಿದೆ. ಅದೇ ಎರಡು ವಿಳಾಸಗಳ ನಡುವೆ 'ಕ್ಯಾಮೆರಾ' ವಿಆರ್‌ಎಫ್‌ಗೆ ಟನೆಲ್ 20 ಬೇಕು. ಆಮೇಲೆ ಐಪಿಸೆಕ್ (ಗೂಢಲಿಪೀಕರಣ) ಕೂಡ. ಮತ್ತೆ, ಪಿಂಗ್ ಸರಾಗ, ದೊಡ್ಡ ಫೈಲ್ ಮಾತ್ರ ನಡುವೆ ನಿಲ್ಲುತ್ತದೆ.

ಉತ್ತರ (ಪ್ಯಾಕೆಟ್‌ಪ್ರಿಯ)

ಸೋರ್ಸ್, ಡೆಸ್ಟಿನೇಶನ್ ಎರಡೂ ಒಂದೇ ಆದಾಗ ಬಂದ ಪ್ಯಾಕೆಟ್ ಯಾವ ಟನೆಲ್‌ನದು ಎಂದು ಗುರುತಿಸಲು ಕೀ ಬೇಕು. ಟನೆಲ್ 10ಕ್ಕೆ 'ಟನೆಲ್ ಕೀ 10', 20ಕ್ಕೆ 'ಟನೆಲ್ ಕೀ 20'. ಎರಡೂ ತುದಿಯಲ್ಲಿ ಅದೇ ಸಂಖ್ಯೆ. ಇದು ಗುರುತಿನ ಚೀಟಿಯಷ್ಟೆ, ಪಾಸ್‌ವರ್ಡ್ ಅಲ್ಲ.

ಫೈಲ್ ನಿಲ್ಲುವುದು ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) ಕಾರಣಕ್ಕೆ ಇರಬೇಕು. ಹೊರಗಿನ ಐಪಿ 20 ಬೈಟ್, ಜಿಆರ್‌ಇ 4, ಕೀಗೆ ಇನ್ನೂ 4. 1500ರಲ್ಲಿ ಉಳಿಯುವುದು 1472. 'ಐಪಿ ಎಂಟಿಯು 1472', 'ಐಪಿ ಟಿಸಿಪಿ ಅಡ್ಜಸ್ಟ್-ಎಂಎಸ್‌ಎಸ್ 1432' (ಐಪಿ, ಟಿಸಿಪಿ ಹೆಡರ್‌ಗಳ 40 ಬೈಟ್ ಕಳೆದು ಉಳಿಯುವ ಡೇಟಾ) ಹಾಕಿ. ಐಪಿಸೆಕ್ ಸೇರಿದ ದಿನ 1400, 1360ಕ್ಕೆ ಇಳಿಸಿ. ಪರೀಕ್ಷೆಗೆ 'ಪಿಂಗ್ ವಿಆರ್‌ಎಫ್ ಕಚೇರಿ 10.255.0.2 ಸೈಜ್ 1472 ಡಿಎಫ್-ಬಿಟ್' (ಡಿಎಫ್ ಅಂದರೆ ಪ್ಯಾಕೆಟನ್ನು ತುಂಡು ಮಾಡಬೇಡ ಎಂಬ ಗುರುತು). ರೂಟರಿನ ಪಿಂಗ್ ಹೆಡರ್ ಸೇರಿಸಿ ಎಣಿಸುತ್ತದೆ. ವಿಂಡೋಸ್ ಪಿಂಗ್ ಎಣಿಸುವುದಿಲ್ಲ, ಅಲ್ಲಿ 1444 ಕೊಡಿ.

ಉತ್ತರ (ಹಾಪ್‌ಕೌಂಟ್)

ಐಪಿಸೆಕ್‌ಗೆ ಮೊದಲೇ ಹೇಳಿಬಿಡುತ್ತೇನೆ. ಐಕೆಇವಿ2 (ಐಪಿಸೆಕ್ ಕೀಗಳ ಮಾತುಕತೆ ನಡೆಸುವ ಪ್ರೋಟೊಕಾಲ್) ಪ್ರೊಫೈಲ್‌ನಲ್ಲಿ 'ಮ್ಯಾಚ್ ಎಫ್‌ವಿಆರ್‌ಎಫ್ ವ್ಯಾನ್' (ಎಫ್‌ವಿಆರ್‌ಎಫ್ ಅಂದರೆ ಹೊರಗಿನ ಹೊದಿಕೆಯ ವಿಆರ್‌ಎಫ್) ಇರಬೇಕು, ನೀವೇ ಪಾಲಿಸಿ ಬರೆದಿದ್ದರೆ ಅದರಲ್ಲೂ. ಇಲ್ಲದಿದ್ದರೆ ಗ್ಲೋಬಲ್‌ನಿಂದ ಬಂದ ಮಾತುಕತೆಗೆ ಮಾತ್ರ ಹೊಂದುತ್ತದೆ. ಎರಡೂ ಟನೆಲ್‌ಗೆ ಒಂದೇ ಐಪಿಸೆಕ್ ಪ್ರೊಫೈಲ್ ಕೊಟ್ಟು, 'ಟನೆಲ್ ಪ್ರೊಟೆಕ್ಷನ್' ಸಾಲಿನ ಕೊನೆಗೆ 'ಶೇರ್ಡ್' ಸೇರಿಸಿ.

'ಕಚೇರಿ'ಯ ಡಿಫಾಲ್ಟ್ ರೂಟನ್ನು ಧೈರ್ಯವಾಗಿ ಟನೆಲ್ 10ರ ಮೇಲೆ ಇಡಬಹುದು. ಡೆಸ್ಟಿನೇಶನ್ ಹುಡುಕಾಟ 'ವ್ಯಾನ್'ನಲ್ಲೇ ನಡೆಯುವುದರಿಂದ ಟನೆಲ್ ತನ್ನೊಳಗೇ ದಾರಿ ಹುಡುಕಿ ಬೀಳುವ ಭಯವಿಲ್ಲ.