ಶಾಂಪೂ ಬಿಟ್ಟು ಸೀಗೆಪುಡಿಗೆ ಬಂದವರು ಇದ್ದೀರಾ? ಅನುಭವ ಹೇಳಿ

ಯಲಹಂಕದ ಬಾಣಂತಿ
ಮಗುವಿಗೆ ನಾಲ್ಕು ತಿಂಗಳು ತುಂಬಿತು. ತಲೆ ಬಾಚಿದರೆ ಕೂದಲು ಉಂಡೆ ಉಂಡೆಯಾಗಿ ಕೈಗೆ ಬರುತ್ತಿದೆ. ಅತ್ತೆ ಶಾಂಪೂ ಬಿಡು, ಸೀಗೆಪುಡಿ ಹಾಕು ಅಂತಾರೆ. ನಮ್ಮದು ಬಾಡಿಗೆ ಮನೆ, ಬೋರ್‌ವೆಲ್ ನೀರು. ಬಕೆಟ್ಟಿನ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಮಗು ಮಲಗಿದಾಗ ಸ್ನಾನಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಈ ನೀರಿಗೆ ಸೀಗೆಪುಡಿ ಆಗುತ್ತಾ? ಮುಖಕ್ಕೂ ಮನೆಯಲ್ಲೇ ಸುಲಭವಾಗಿ ಮಾಡಿಕೊಳ್ಳುವಂಥದ್ದು ಇದ್ದರೆ ತಿಳಿಸಿ. ಬಳಸಿ ನೋಡಿದವರು ಮಾತ್ರ ಹೇಳಿ, ಪ್ಲೀಸ್.

ಹಾಸನದ ಸೊಸೆ
ಧೈರ್ಯವಾಗಿ ಶುರು ಮಾಡಿ. ಮದುವೆಯಾದ ಮೇಲೆ ನಾನು ಶಾಂಪೂ ಮುಟ್ಟಿಲ್ಲ. ಸೀಗೆಕಾಯಿ ಎರಡು ಕೆಜಿ, ಬೀಜ ತೆಗೆದ ಅಂಟುವಾಳ ಅರ್ಧ ಕೆಜಿ, ಮೆಂತ್ಯ ಕಾಲು ಕೆಜಿ, ಹೆಸರುಕಾಳು ಕಾಲು ಕೆಜಿ, ನೆಲ್ಲಿಚೆಟ್ಟು ಒಂದಿಷ್ಟು. ಎಲ್ಲ ಸೇರಿಸಿ ಪುಡಿ ಬೀಸಿಸುವುದು. ಸೀಗೆ ಕೆಜಿಗೆ 240ರಂತೆ 480 ಆಯಿತು. ಅಂಟುವಾಳ 110, ಮೆಂತ್ಯ ಮತ್ತು ಹೆಸರು ಸೇರಿ 65, ನೆಲ್ಲಿಚೆಟ್ಟು 90. ಬೀಸುವ ಕೂಲಿ 120. ಒಟ್ಟು 865 ರೂಪಾಯಿ. ನಾವು ಮೂವರು ಹೆಂಗಸರು ವರ್ಷ ಪೂರ್ತಿ ಬಳಸುತ್ತೇವೆ.

ಬೀಸಿಸುವುದೇ ದೊಡ್ಡ ಕಥೆ. ಹಿಟ್ಟಿನ ಗಿರಣಿಯವನು ಸೀಗೆ ಅಂದ ಕೂಡಲೇ ಕೈ ಆಡಿಸಿಬಿಟ್ಟ. ಮುಂದೆ ಬರುವ ರಾಗಿಗೆಲ್ಲ ಕಹಿ ಹತ್ತುತ್ತೆ, ಗಿರಾಕಿಗಳು ಬೈತಾರೆ ಅಂತ. ಖಾರದಪುಡಿ ಮಿಲ್‌ನವನು ಒಪ್ಪಿದ, ಅದೂ ಸಂಜೆ ಎಲ್ಲರ ಮೆಣಸಿನಕಾಯಿ ಮುಗಿದ ಮೇಲೆ. ಮೊದಲು ಬಂದ ಪುಡಿಯಲ್ಲಿ ಖಾರ ಬೆರೆತಿತ್ತು. ಆ ಭಾನುವಾರ ನಮ್ಮ ಯಜಮಾನರು ಬಚ್ಚಲಲ್ಲಿ ಕುಣಿದಿದ್ದು ಬೀದಿಗೆಲ್ಲ ಕೇಳಿಸಿತು. ಈಗ ಮೊದಲು ಒಂದು ಪಾವು ಅಕ್ಕಿ ಬೀಸಿಸಿ ಚೆಲ್ಲಿಸುತ್ತೇನೆ, ಆಮೇಲೆ ಸೀಗೆ. ಆ ಅಕ್ಕಿ ದುಡ್ಡೂ ನಂದೇ.

ರಾತ್ರಿಪಾಳಿ ನರ್ಸ್
ತಂಗಿ, ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಕೂದಲು ಉದುರಲು ಶುರುವಾಗುವುದು ಸಾಮಾನ್ಯ. ಬಸುರಿಯಿದ್ದಾಗ ಉದುರದೆ ನಿಂತಿದ್ದೆಲ್ಲ ಒಟ್ಟಿಗೆ ಬಿಡುತ್ತದೆ. ಹೆಚ್ಚಿನವರಿಗೆ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ತಾನೇ ಸರಿಹೋಗುತ್ತದೆ. ಸೀಗೆಪುಡಿ ಅದನ್ನು ನಿಲ್ಲಿಸುವುದಿಲ್ಲ. ತುಂಬಾ ಸುಸ್ತಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದಂಶ), ಥೈರಾಯ್ಡ್ ಪರೀಕ್ಷೆ ಮಾಡಿಸಿ.

ನನಗಿದ್ದದ್ದು ತಲೆಹೊಟ್ಟು. ಅಮ್ಮ ರಾತ್ರಿ ಬೇವಿನೆಣ್ಣೆ ತಿಕ್ಕಿ ಮಲಗಿಸುತ್ತಿದ್ದರು. ದಿಂಬಿನ ಚೀಲ ಎಷ್ಟು ಎಸೆದೆವೋ. ಗಾಣದ ಎಣ್ಣೆ, ಕರ್ಪೂರ, ನಿಂಬೆ, ಮೊಸರು, ಯಾವುದನ್ನೂ ಬಿಡಲಿಲ್ಲ. ಡ್ಯೂಟಿಯಲ್ಲಿ ಕಪ್ಪು ಸ್ವೆಟರ್ ಹಾಕುವ ಹಾಗಿರಲಿಲ್ಲ. ಕೊನೆಗೆ ಚರ್ಮದ ಡಾಕ್ಟರು ಹೇಳಿದ್ದು ಇಷ್ಟೇ: ಹೊಟ್ಟು ಹೆಚ್ಚಿಸುವುದು ಚರ್ಮದ ಮೇಲಿರುವ ಒಂದು ಶಿಲೀಂಧ್ರ, ಎಣ್ಣೆಯೇ ಅದಕ್ಕೆ ಊಟ. 2% ಕೀಟೊಕೊನಝೋಲ್ ಶಾಂಪೂ ಬರೆದುಕೊಟ್ಟರು. ಒಂದೇ ಬಾಟಲಿ. ಅಷ್ಟು ವರ್ಷದ ಎಣ್ಣೆ ದುಡ್ಡು ಯಾರನ್ನ ಕೇಳಲಿ?

ಹಾಸನದ ಸೊಸೆ
ನರ್ಸ್ ಮೇಡಂ, ನಮ್ಮಜ್ಜಿಗೆ ಎಂಬತ್ತು ದಾಟಿದಾಗಲೂ ಜಡೆ ಸೊಂಟದ ಕೆಳಗಿತ್ತು. ಯಾವ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ.

ರಾತ್ರಿಪಾಳಿ ನರ್ಸ್
ಅಜ್ಜಿಗೆ ಹುಟ್ಟಿನಿಂದಲೇ ಕೂದಲು ದಟ್ಟವಾಗಿತ್ತು, ಹಾಗೇ ಉಳಿಯಿತು. ಅದೇ ಪುಡಿ ಹಾಕಿ ಉದುರಿಸಿಕೊಂಡ ಅಜ್ಜಿಯರ ಸುದ್ದಿ ಯಾರೂ ಹೇಳಲ್ಲ ನೋಡಿ.

ಬೋಳುತಲೆ ಬಸವ, ಹುಬ್ಬಳ್ಳಿ
ಗಂಡಸರ ದುಃಖನೂ ಸ್ವಲ್ಪ ಕೇಳ್ರಿ. ನನಗೆ ಉಳ್ಳಾಗಡ್ಡಿ ರಸ ಹಚ್ಚು ಅಂದರು. ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ, ತಲೆಗೆ ಹಚ್ಚಿ ಅರ್ಧ ತಾಸು ಕೂರುತ್ತಿದ್ದೆ. ಆಗ ಉಳ್ಳಾಗಡ್ಡಿ ಕೆಜಿಗೆ 70 ರೂಪಾಯಿ ಇತ್ತು. ತೊಳೆದರೂ ವಾಸನೆ ಹೋಗಲಿಲ್ಲ. ಬೆವರಿದರೆ ಮತ್ತೆ ಎದ್ದು ಬರುತ್ತಿತ್ತು. ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಆಯಿತು, ಊಟಕ್ಕೂ ಯಾರೂ ಕರೆಯಲಿಲ್ಲ. ಮಿಕ್ಸಿ ಜಾರಿನ ವಾಸನೆ ಚಟ್ನಿಗೆ ಹತ್ತಿ ಮನೆಯಲ್ಲಿ ಜಗಳ. ಹೊಸ ಜಾರು 640. ಆಮೇಲೆ ಗರಗದ ಸೊಪ್ಪು ಕುದಿಸಿದ ಎಣ್ಣೆ, 100 ಎಂಎಲ್‌ಗೆ 899. ಅದನ್ನ ಮಾರಿದವನ ತಲೆಯೂ ನನ್ನ ತಲೆಯಂತೆಯೇ ಇತ್ತು, ಅದನ್ನ ನಾನು ಆಮೇಲೆ ಗಮನಿಸಿದೆ. ಅಪ್ಪ ಬೋಳು, ಇಬ್ಬರು ಕಾಕಾನೂ ಬೋಳು. ಈಗ ತಿಂಗಳಿಗೊಮ್ಮೆ ಪೂರ್ತಿ ಬೋಳಿಸುತ್ತೇನೆ, 80 ರೂಪಾಯಿ. ಆರಾಮ ಇದ್ದೀನಿ.

ಶಿರಸಿ ಕಡೆಯವಳು
ಸೀಗೆಪುಡಿ ಒಣ ಕೂದಲಿಗೆ ಆಗಲ್ಲ, ಇನ್ನೂ ಒರಟಾಗುತ್ತದೆ. ನಮ್ಮ ಕಡೆ ದಾಸವಾಳ ಸೊಪ್ಪಿನ ಗೊಂಪು. ಎಲೆ ನೀರಲ್ಲಿ ಕಿವುಚಿ ಲೋಳೆ ತೆಗೆದು ತಲೆಗೆ. ಊರಿನಲ್ಲಿ ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಬೆಂಗಳೂರಿಗೆ ಬಂದ ಮೇಲೆ ಪಕ್ಕದ ಮನೆಯವರ ಕಾಂಪೌಂಡಿನಿಂದ ಕೇಳಿ ಕಿತ್ತುಕೊಳ್ಳುತ್ತಿದ್ದೆ. ಅವರು ಪೂಜೆಗೆ ಹೂವಿಲ್ಲ ಅಂತ ಮುಖ ತಿರುಗಿಸಿದರು. ಎಲೆ ಕಿತ್ತರೆ ಹೂವು ಹೇಗೆ ಕಮ್ಮಿಯಾಗುತ್ತೆ, ನೀವೇ ಹೇಳಿ.

ನಿಜವಾದ ಪೆಟ್ಟು ಬಿದ್ದಿದ್ದು ಮನೆ ಖಾಲಿ ಮಾಡುವಾಗ. ಬಚ್ಚಲಿನ ಪೈಪು ಕಟ್ಟಿದೆ, ನಿಮ್ಮ ಸೊಪ್ಪು ಸದೆಯಿಂದಲೇ ಅಂತ ಮಾಲೀಕರು ಅಡ್ವಾನ್ಸ್‌ನಲ್ಲಿ 3,500 ಮುರಿದುಕೊಂಡರು. ಪ್ಲಂಬರ್ ತೆಗೆದಿದ್ದು ಏನು ಗೊತ್ತಾ? ಮೇಲಿನ ಮನೆಯವರ ಶಾಂಪೂ ಸ್ಯಾಶೆಗಳು. ನಾನು ಕಣ್ಣಾರೆ ನೋಡಿದೆ. ಆದರೂ ದುಡ್ಡು ವಾಪಸ್ ಬರಲಿಲ್ಲ.

ಮೂರು ಮನೆ ಮಾಲೀಕ
ನಾನೊಬ್ಬ ಮಾಲೀಕ, ನಮ್ಮ ಕಷ್ಟನೂ ಕೇಳಿ. ಸೀಗೆಪುಡಿ, ಕಡಲೆಹಿಟ್ಟು, ಮೆಂತ್ಯ ಎಲ್ಲ ಬಚ್ಚಲಿನ ಜಾಲಿಯಲ್ಲಿ ಕೂದಲಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಅದರ ಮೇಲೆ ಎಣ್ಣೆ ಜಿಡ್ಡು. ಕಳೆದ ಸಲ ಟೈಲ್ಸ್ ಒಡೆಸಿ ಪೈಪು ಬದಲಾಯಿಸಬೇಕಾಯಿತು. ಕೂಲಿ 2,200, ಪೈಪು ಮತ್ತು ಟ್ರ್ಯಾಪ್ 1,150, ಅದೇ ಬಣ್ಣದ ಟೈಲ್ಸ್ ಸಿಗದೆ ಬೇರೆ ಬಣ್ಣದ್ದು ಹಾಕಿದೆ. ಈಗ ಬಂದವರೆಲ್ಲ ಇದ್ಯಾಕೆ ಹೀಗಿದೆ ಅಂತ ಬಾಡಿಗೆ ಕಮ್ಮಿ ಕೇಳುತ್ತಾರೆ.

ಶಿರಸಿ ಕಡೆಯವಳು
ಪುಡಿ ಹಾಕಿದವರು ಯಾರು, ಗೊಂಪು ಹಾಕಿದವರು ಯಾರು ಸಾರ್? ಲೋಳೆ ನೀರಲ್ಲಿ ಹರಿದು ಹೋಗುತ್ತದೆ. ಗೊತ್ತಿಲ್ಲದೆ ಎಲ್ಲರ ಅಡ್ವಾನ್ಸ್‌ಗೂ ಕೈ ಹಾಕಬೇಡಿ.

ಮೂರು ಮನೆ ಮಾಲೀಕ
ನಿಮ್ಮ ಮನೆ ನಂದಲ್ಲ ತಾಯಿ. ನಿಮ್ಮ ಮಾಲೀಕರ ಸಿಟ್ಟು ನನ್ನ ಮೇಲೆ ಯಾಕೆ?

ಯಲಹಂಕದ ಬಾಣಂತಿ
ಎಲ್ಲರಿಗೂ ಥ್ಯಾಂಕ್ಸ್. ಬೋರ್‌ವೆಲ್ ನೀರಿನ ಬಗ್ಗೆ ಯಾರಾದರೂ ಹೇಳ್ತೀರಾ? ಮುಖಕ್ಕೆ ಏನು ಹಚ್ಚಲಿ?

ನಿಂಬೆ ಸಂತ್ರಸ್ತೆ
ಮುಖದ ವಿಷಯ ನಾನು ಹೇಳುತ್ತೇನೆ. ನಿಂಬೆಹಣ್ಣು ಮಾತ್ರ ಮುಟ್ಟಬೇಡಿ. ವಿಡಿಯೋ ನೋಡಿದ ನಮ್ಮ ಓರಗಿತ್ತಿ ಮೊಸರಿಗೆ ನಿಂಬೆರಸ ಹಿಂಡಿ ಕೊಟ್ಟಳು, ಟ್ಯಾನ್ ಹೋಗುತ್ತೆ ಅಂತ. ಹಚ್ಚಿ, ಹಾಗೇ ನೀರಲ್ಲಿ ಒರೆಸಿಕೊಂಡು ಮಧ್ಯಾಹ್ನದ ಬಿಸಿಲಿಗೆ ಸ್ಕೂಟರ್‌ನಲ್ಲಿ ಸಂತೆಗೆ ಹೋದೆ. ಮರುದಿನ ಕೆನ್ನೆ ಕೆಂಪಾಗಿ ಉರಿ, ಆಮೇಲೆ ನೀರ್ಗುಳ್ಳೆ, ಆಮೇಲೆ ಕಂದು ಕಲೆ. ನಿಂಬೆಯ ರಸ, ಸಿಪ್ಪೆಯಲ್ಲಿರುವ ಅಂಶಕ್ಕೆ ಬಿಸಿಲು ತಾಗಿದರೆ ಚರ್ಮ ಸುಡುತ್ತದಂತೆ, ಡಾಕ್ಟರು ನೋಡಿದ ಕೂಡಲೇ ಕಂಡುಹಿಡಿದರು. ಅವರ ಫೀಸು 800, ಸನ್‌ಸ್ಕ್ರೀನ್ 650, ರಾತ್ರಿ ಹಚ್ಚುವ ಮುಲಾಮು 480, ಎರಡನೇ ಸಲ ಫೀಸು ಮತ್ತೆ 500. ತಂಗಿಯ ಮದುವೆ ಫೋಟೋಗಳಲ್ಲಿ ಎಲ್ಲ ಕಡೆ ಎಡಗೆನ್ನೆ ಮರೆಮಾಡಿಕೊಂಡು ನಿಂತಿದ್ದೇನೆ. ಓರಗಿತ್ತಿ ಇವತ್ತಿನವರೆಗೂ ಸಾರಿ ಅಂದಿಲ್ಲ. ಮೊಸರು ಹಳೆಯದಿರಬೇಕು ಅಂದಳು!

ಹಾಸನದ ಸೊಸೆ
ನಾನು ಕಡಲೆಹಿಟ್ಟಿಗೆ ಕೆನೆ, ಎರಡು ಹನಿ ನಿಂಬೆ ಹಾಕಿಯೇ ಹಚ್ಚುವುದು. ಏನೂ ಆಗಿಲ್ಲ. ನೈಸರ್ಗಿಕವಾದದ್ದು ಕೆಡುಕು ಮಾಡಲ್ಲ, ಮಾಡುವ ವಿಧಾನ ಸರಿ ಇರಬೇಕು.

ನಿಂಬೆ ಸಂತ್ರಸ್ತೆ
ಎಕ್ಕದ ಹಾಲೂ ನೈಸರ್ಗಿಕವೇ ಅಕ್ಕ. ಕಣ್ಣಿಗೆ ಬಿಟ್ಟುಕೊಳ್ಳುತ್ತೀರಾ?

ಹಾಸನದ ಸೊಸೆ
ಮಾತು ಹಿಡಿತದಲ್ಲಿರಲಿ. ನಿಮ್ಮ ಮನೆ ಜಗಳ ಇಲ್ಲಿ ತೀರಿಸಬೇಡಿ.

ಮೈಸೂರು ಮೇಷ್ಟ್ರು (ನಿವೃತ್ತ)
ಯಾಕೆ ಇಷ್ಟೆಲ್ಲ ತಾಪತ್ರಯ? ನಾನು ಮುಖಕ್ಕೆ ಗಂಧದ ಸೋಪು, ಶೇವ್ ಆದ ಮೇಲೆ ಪಟಿಕ. ಅಷ್ಟೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ನಮ್ಮ ರಾಜ್ಯದಲ್ಲಿ ಸೋಪು ಕಾರ್ಖಾನೆ ಶುರುವಾಯಿತು. ಮೊದಲ ಮಹಾಯುದ್ಧದಿಂದ ಶ್ರೀಗಂಧ ಹೊರದೇಶಕ್ಕೆ ಹೋಗದೆ ರಾಶಿ ಬಿದ್ದಿತ್ತು...

ಬೋಳುತಲೆ ಬಸವ, ಹುಬ್ಬಳ್ಳಿ
ಮೇಷ್ಟ್ರೇ, ಪಿರಿಯಡ್ ಮುಗೀತು.

ಶಿರಸಿ ಕಡೆಯವಳು
ಬೋರ್ ನೀರಿನ ಬಗ್ಗೆ ಕೇಳಿದ್ದಾರಲ್ಲ. ಗಡಸು ನೀರಲ್ಲಿ ಸೋಪು ನೊರೆ ಬರದೆ ಒಡೆದು ಕೂದಲಿಗೆ ಅಂಟುತ್ತದೆ. ಸೀಗೆ, ಅಂಟುವಾಳದ ನೊರೆ ಹಾಗೆ ಒಡೆಯುವುದಿಲ್ಲ. ಆದರೆ ಪುಡಿ ಹೋಗುವವರೆಗೆ ಬಕೆಟ್‌ಗಟ್ಟಲೆ ನೀರು ಬೇಕು, ಹತ್ತು ನಿಮಿಷ ಯಾವ ಮೂಲೆಗೂ ಸಾಲದು. ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಪಂಚೆ ಬಟ್ಟೆಯಲ್ಲಿ ಸೋಸಿ ನೀರು ಮಾತ್ರ ಹಾಕಿಕೊಳ್ಳಿ. ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಕೊನೆಗೆ ಒಂದು ಚೊಂಬು ಕುಡಿಯುವ ನೀರಿಗೆ ನಾಲ್ಕು ಹನಿ ನಿಂಬೆ ಹಾಕಿ ತಲೆಗೆ ಸುರಿದುಕೊಂಡರೆ ನಯವಾಗುತ್ತದೆ.

ನಿಂಬೆ ಸಂತ್ರಸ್ತೆ
ಮತ್ತೆ ನಿಂಬೆನಾ? ಇಷ್ಟೊತ್ತು ನಾನು ಯಾರಿಗೆ ಹೇಳಿದ್ದು?

ಶಿರಸಿ ಕಡೆಯವಳು
ಒಂದು ಚೊಂಬು ನೀರಿಗೆ ನಾಲ್ಕು ಹನಿ! ಅದೂ ತಲೆಗೆ!

ನಿಂಬೆ ಸಂತ್ರಸ್ತೆ
ತಲೆಯಿಂದ ನೀರು ಇಳಿಯುವುದು ಎಲ್ಲಿಗೆ? ಮುಖಕ್ಕೇ ಅಲ್ವಾ?

ಹಾಸನದ ಸೊಸೆ
ಬಾಣಂತಿ ತಲೆ ಒದ್ದೆ ಇಟ್ಟುಕೊಳ್ಳಬಾರದು, ಅದನ್ನ ಯಾರೂ ಹೇಳಲಿಲ್ಲ. ಮೊದಲು ಹರಳೆಣ್ಣೆ ತಟ್ಟಿ, ಸ್ನಾನ ಆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೂದಲು ಒಣಗಿಸಿ. ಮಗುವಿಗೂ ಹಾಗೇ ಹಿಡಿಯಿರಿ.

ರಾತ್ರಿಪಾಳಿ ನರ್ಸ್
ದಯವಿಟ್ಟು ಮಗುವಿಗೆ ಹೊಗೆ ಹಿಡಿಯಬೇಡಿ. ಆ ಸಣ್ಣ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ. ಉಸಿರಾಟದ ತೊಂದರೆ ಅಂತ ಮಕ್ಕಳನ್ನ ರಾತ್ರಿ ಎತ್ತಿಕೊಂಡು ಓಡಿ ಬರುವವರನ್ನ ನಾವು ನೋಡುತ್ತೇವೆ, ನೀವಲ್ಲ.

ಹಾಸನದ ಸೊಸೆ
ನನ್ನ ಇಬ್ಬರು ಮಕ್ಕಳೂ ಹೊಗೆಯಲ್ಲೇ ಬೆಳೆದವರು. ಒಬ್ಬ ಇಂಜಿನಿಯರ್.

ಬೋಳುತಲೆ ಬಸವ, ಹುಬ್ಬಳ್ಳಿ
ಇನ್ನೊಬ್ಬ?

ತಿಪಟೂರು ತೆಂಗು
ಎಣ್ಣೆಯ ಮಾತು ಬಂತಲ್ಲ, ನಮ್ಮ ಗಾಣದ ಶುದ್ಧ ಕೊಬ್ಬರಿ ಎಣ್ಣೆ ಇದೆ, ಬೇಕಾದವರು ತಿಳಿಸಿ. ಲೀಟರ್ 560.

ಮೂರು ಮನೆ ಮಾಲೀಕ
ಇಲ್ಲಿ ವ್ಯಾಪಾರ ಬೇಡ. ನಮ್ಮ ಬೀದಿಯಲ್ಲಿ ಗಾಡಿಯವನು 280ಕ್ಕೆ ಕೊಡುತ್ತಾನೆ, ಅವನದೂ ಗಾಣದ್ದೇ. ಕಣ್ಣೆದುರಿಗೇ ತಿರುಗಿಸುತ್ತಾನೆ.

ತಿಪಟೂರು ತೆಂಗು
ಲೆಕ್ಕ ಹಾಕಿ ನೋಡಿ ಸಾರ್. ಒಂದು ಕೆಜಿ ಕೊಬ್ಬರಿಗೆ ಎಣ್ಣೆ ಬರುವುದು ಸುಮಾರು 600 ಗ್ರಾಂ. ಅಂದರೆ ಒಂದು ಲೀಟರಿಗೆ ಒಂದೂವರೆ ಕೆಜಿ ಕೊಬ್ಬರಿ ಬೇಕು. 2025ರಲ್ಲಿ ನಮ್ಮ ಎಪಿಎಂಸಿಯಲ್ಲಿ ಕ್ವಿಂಟಲ್ 25 ಸಾವಿರ ದಾಟಿತು. ಆ ರೇಟಿನಲ್ಲಿ ಕೊಬ್ಬರಿಯೇ 375 ಆಯಿತು. ಗಾಣದ ಕೂಲಿ, ಕರೆಂಟು, ಬಾಟಲಿ ಬೇರೆ. ಹಿಂಡಿ ಮಾರಿದ್ದು ಎತ್ತಿನ ಮೇವಿಗೂ ಸಾಲಲ್ಲ. ಇನ್ನು 280ಕ್ಕೆ ಕೊಡುವವನು ಎದುರಿಗೆ ತಿರುಗಿಸುವುದು ಬೇರೆ, ಬಾಟಲಿಗೆ ತುಂಬುವುದು ಬೇರೆ.

ಮೂರು ಮನೆ ಮಾಲೀಕ
ರೇಟು ಬಿದ್ದಾಗ ನೀವು ಇಳಿಸಿದ್ದನ್ನ ಮಾತ್ರ ನಾನು ಕಂಡಿಲ್ಲ.

ತಿಪಟೂರು ತೆಂಗು
ರೇಟು ಬಿದ್ದಾಗ ನಿಮ್ಮ ಬಾಡಿಗೆ ಇಳಿಸಿದ್ದೀರಾ? ಕೊಬ್ಬರಿ ಅಟ್ಟದ ಮೇಲೆ ವರ್ಷ ಒಣಗಬೇಕು ಸಾರ್. ಇವತ್ತು ಕಿತ್ತ ಕಾಯಿಗೆ ಮುಂದಿನ ವರ್ಷದ ರೇಟು ನನಗೆ ಯಾರು ಹೇಳುತ್ತಾರೆ? ನುಸಿ ಬಿದ್ದು ತೋಟದ ಕಾಯಿಯೆಲ್ಲ ಸಣ್ಣಗಾದಾಗ ಯಾರೂ ಕೇಳಲು ಬರಲಿಲ್ಲ. ಬೇಡದವರು ಬಿಡಿ. ಬೇಕಾದವರು ಡಬ್ಬ ತಂದರೆ ಬಾಟಲಿ ದುಡ್ಡು 20 ಕಮ್ಮಿ ಮಾಡುತ್ತೇನೆ.

ರಾತ್ರಿಪಾಳಿ ನರ್ಸ್
ಅಡುಗೆಗೆ ಎರಡು ಲೀಟರ್ ಬೇಕಿತ್ತು. ಬೆಂಗಳೂರಿಗೆ ಕಳಿಸುತ್ತೀರಾ? ತಲೆಗಲ್ಲ ಮತ್ತೆ.