‘ತಾಜಾ ನೀರು’ ಬೇಡ, ಹಾಗಾದರೆ ಏನು ಬರೆಯಲಿ?

ಗೆಳೆಯರೇ,

ಮಕ್ಕಳು ನೋಡುವ ಜಲಚಕ್ರದ ಚಿತ್ರಫಲಕಕ್ಕೆ ಕನ್ನಡ ಪದಗಳು ಬೇಕು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಕೈಗೆ ಬಂದ ಕರಡಿನಲ್ಲಿ ‘ಫ್ರೆಶ್ ವಾಟರ್’ ಅನ್ನುವುದು ‘ತಾಜಾ ನೀರು’ ಆಗಿದೆ. ಹಳಸಿದ ನೀರು ಅಂತ ಬೇರೆ ಇದೆಯಾ? ‘ಸಿಹಿನೀರು’ ಸಾಕೇ? ಮಳೆನೀರು ಮಣ್ಣಿನೊಳಗೆ ಇಳಿಯುವ ಬಾಣದ ಪಕ್ಕ ‘ಅಂತಃಸ್ರವಣ’ ಎಂದಿದೆ. ಓದಿದರೆ ಕಾಯಿಲೆಯ ಹೆಸರಿನ ಹಾಗಿದೆ. ಕೆಳಗಿನ ಸಾಲಿನ ‘ಸುಸ್ಥಿರ ಬಳಕೆ’ಗೂ ಸುಲಭದ ಮಾತು ಇದ್ದರೆ ಹೇಳಿ.

ಮರು 1
ಸಿಹಿನೀರು. ಇದರಲ್ಲಿ ಚರ್ಚೆಗೆ ಏನಿದೆ? ‘ಕುಡಿಯುವ ನೀರು’ ಅಂತ ಮಾತ್ರ ಹಾಕಬೇಡಿ. ಕೊಚ್ಚೆ ಸೇರಿದ ಹೊಳೆಯ ನೀರೂ ಸಿಹಿನೀರೇ. ಇಲ್ಲಿ ಲೆಕ್ಕ ಉಪ್ಪಿನದು. ಲೀಟರಿಗೆ 1 ಗ್ರಾಂಗಿಂತ ಕಡಿಮೆ ಇದ್ದರೆ ಸಿಹಿ. ಕಡಲಲ್ಲಿ ಸುಮಾರು 35 ಗ್ರಾಂ ಇರುತ್ತದೆ. ನಡುವಿನದು ಸವಳು. ಭೂಮಿಯ ನೀರಿನಲ್ಲಿ ಸಿಹಿನೀರು ಶೇ. 2.5ರಷ್ಟು. ಅದರಲ್ಲೂ ಮೂರರಲ್ಲಿ ಎರಡು ಪಾಲು ಹಿಮವಾಗಿ ಕೂತಿದೆ.

ಮರು 2
‘ಸಿಹಿನೀರು’ ಎಂದರೆ ಸಕ್ಕರೆ ಕದಡಿದ ನೀರು ಎಂದುಕೊಳ್ಳುತ್ತಾರೆ. ಸೀನೀರು ಎನ್ನಿ. ತಣ್ಣೀರು, ಕಣ್ಣೀರು ಇದ್ದ ಹಾಗೆ ಅಚ್ಚಗನ್ನಡ. ‘ಜಲಚಕ್ರ’ ಯಾಕೆ? ‘ನೀರಿನ ಸುತ್ತು’ ಸಾಲದೇ? ಇನ್ನು ‘ಸಮುದ್ರ’ ತೆಗೆದು ‘ಮುನ್ನೀರು’ ಹಾಕಿ. ತಮಿಳಿನ ಹಳೆಯ ವ್ಯಾಖ್ಯಾನಕಾರರು ಈ ಪದವನ್ನು ಬಿಡಿಸಿದ್ದು ಹೇಗೆ ಗೊತ್ತೇ? ಹೊಳೆಯ ನೀರು, ಒರತೆಯ ನೀರು, ಮಳೆಯ ನೀರು, ಈ ಮೂರೂ ಸೇರುವ ಜಾಗ. ಒಂದೇ ಪದದಲ್ಲಿ ನಿಮ್ಮ ಚಿತ್ರದ ಅರ್ಧ ಪಾಠ ಮುಗಿಯಿತು!

ಮರು 3
ಸರ್, ‘ಸೀನೀರು’ ಓದಿದ ಮಗು ಮೂಗು ಒರೆಸಿಕೊಳ್ಳುತ್ತದೆ. ‘ನೀರಿನ ಸುತ್ತು’ ಎಂದರೆ ನೀರಿನ ಸುತ್ತಮುತ್ತ ಏನಿದೆ ಅಂತ ಹುಡುಕುತ್ತದೆ. ಮುನ್ನೀರಿಗೆ ‘ಮುನ್’, ಅಂದರೆ ನೆಲಕ್ಕಿಂತ ಮುಂಚಿನ ನೀರು ಎಂಬ ಅರ್ಥವನ್ನೂ ಹೇಳುತ್ತಾರೆ. ನಿಮಗೆ ಹಿಡಿಸಿದ್ದನ್ನು ಮಾತ್ರ ಎತ್ತಿಕೊಂಡಿರಿ.

ಮರು 4
ಬಾಣದ ವಿಷಯ ಎಲ್ಲರೂ ಮರೆತಿರಿ. ‘ಇಂಗುವುದು’ ಅನ್ನಿ, ಮುಗಿಯಿತು. ಇಂಗುಗುಂಡಿ, ನೀರಿಂಗಿಸುವುದು ಎಲ್ಲ ಬಳಕೆಯಲ್ಲೇ ಇವೆ. ಆದರೆ ಒಂದು ತೊಡಕು. ‘ಕೆರೆ ಇಂಗಿತು’ ಎಂದರೆ ಬತ್ತಿತು ಎಂದೂ ಅರ್ಥ. ಅದಕ್ಕೆ ‘ನೆಲದೊಳಗೆ ಇಂಗುವುದು’ ಎಂದು ಬಿಡಿಸಿ ಬರೆಯಿರಿ. ಮೇಲೆ ಹೋಗುವ ಬಾಣಕ್ಕೆ ‘ಬಾಷ್ಪೀಭವನ’ ಇದ್ದರೆ ಅದನ್ನೂ ಕಿತ್ತುಹಾಕಿ. ಯಾವ ಬೀದಿಯ ಭವನ ಅಂತ ಕೇಳುತ್ತಾರೆ. ‘ಆವಿಯಾಗುವುದು’ ಸಾಕು. ಮೋಡದ ಹತ್ತಿರ ‘ಘನೀಕರಣ’ ಬರೆದಿದ್ದರೆ ಅದು ತಪ್ಪೇ. ಘನವಾಗುವುದು ಮಂಜುಗಡ್ಡೆ. ಆವಿ ಹನಿಯಾಗುವುದು ಸಾಂದ್ರೀಕರಣ. ‘ಹನಿಗಟ್ಟುವುದು’ ಎಂದರೂ ಆಗುತ್ತದೆ.

ಮರು 5
ಇಂಗು ಸಂಸ್ಕೃತದ ‘ಹಿಂಗು’ವಿನಿಂದ ಬಂದದ್ದು. ಅಚ್ಚಗನ್ನಡ ಹೇಗಾಯಿತು?

ಮರು 6 (4ನೆಯದು ಬರೆದವಳು ನಾನೇ)
ಅದು ಅಡುಗೆಮನೆಯ ಇಂಗು. ಇದು ಕ್ರಿಯಾಪದ. ತೆಲುಗಿನಲ್ಲಿ ‘ಇಂಕು’, ಇಂಗುಗುಂಡಿಗೆ ಅವರು ‘ಇಂಕುಡು ಗುಂತ’ ಅನ್ನುತ್ತಾರೆ. ನಿಘಂಟು ತೆರೆದು ನೋಡಿ ಬರೆಯಬಾರದೇ?

ಕೇಳಿದವನಿಂದ
ಇಂಗು ತಿಂದ ಮಂಗನ ಹಾಗೆ ಕೂತಿದ್ದೇನೆ. ‘ಸುಸ್ಥಿರ’ಕ್ಕೆ ಏನಾಯಿತು?

ಮರು 7
ಬಾಳಿಕೆಯ ಬಳಕೆ.

ಮರು 8
ಬಾಳಿಕೆ ಬರುವುದು ಪಾತ್ರೆ, ಬಟ್ಟೆ. ಸುಮ್ನೆ ‘ಹಿತಮಿತ ಬಳಕೆ’ ಅನ್ನಿ.

ಮರು 9 (ಮತ್ತೆ ನಾನೇ)
ಹಿತಮಿತ ಬೇರೆ, ಇದು ಬೇರೆ. ಒಬ್ಬೊಬ್ಬರೂ ಮಿತವಾಗಿಯೇ ಬಳಸಿದರು ಅಂತಿಟ್ಟುಕೊಳ್ಳಿ. ಎಲ್ಲರದೂ ಕೂಡಿಸಿದಾಗ ಇಂಗಿದ್ದಕ್ಕಿಂತ ಮೇಲೆತ್ತಿದ್ದು ಜಾಸ್ತಿಯಾದರೆ ಅಂತರ್ಜಲ ಕೆಳಗಿಳಿದೇ ಇಳಿಯುತ್ತದೆ. ‘ಚಕ್ರ’ ಎಂಬ ಪದದ ಮೇಲೆ ನನ್ನ ತಕರಾರೂ ಇದೇ, ಸಂಸ್ಕೃತ ಅಂತಲ್ಲ. ಚಕ್ರ ಎಂದ ಕೂಡಲೇ ಎಲ್ಲ ಒಂದೇ ವೇಗದಲ್ಲಿ ತಿರುಗಿ ಬರುತ್ತದೆ ಅನ್ನಿಸುತ್ತದೆ. ಗಾಳಿಯಲ್ಲಿರುವ ಆವಿ ಸರಾಸರಿ 9-10 ದಿನಕ್ಕೆ ಕೆಳಗೆ ಬೀಳುತ್ತದೆ. ತುಂಬ ಆಳದ ಅಂತರ್ಜಲ ಸಾವಿರಾರು ವರ್ಷ ಹಳೆಯದಿರಬಹುದು. ಅದನ್ನು ಒಂದೇ ತಲೆಮಾರು ಎತ್ತಿ ಮುಗಿಸಿದರೆ ಯಾವ ಚಕ್ರ ತಿರುಗಿ ತಂದುಕೊಡುತ್ತದೆ? ‘ತುಂಬುವಷ್ಟೇ ತೆಗೆಯೋಣ’ ಎಂದು ಬರೆಯಿರಿ. ಪದಕ್ಕೆ ಪದ ಹುಡುಕಬೇಡಿ.

ಮರು 10
ಅನುವಾದ ಕೇಳಿದರೆ ಘೋಷಣೆ ಕೊಟ್ಟಿರಿ. ಎಲ್ಲವನ್ನೂ ಹೊರಗಿನಿಂದ ತಂದು ತುಂಬಿದ ಮೇಲೆ ಕನ್ನಡದಲ್ಲಿ ಉಳಿಯುವುದೇನು?

ಮರು 11
ಸಂಸ್ಕೃತದ ‘ನೀರ’ ನಮ್ಮ ಕಡೆಯಿಂದಲೇ ಹೋದದ್ದು ಎನ್ನುವ ಭಾಷಾತಜ್ಞರು ಬೇಕಾದಷ್ಟಿದ್ದಾರೆ. ಅವರು ಅದಕ್ಕೆ ‘ದ’ ಸೇರಿಸಿ ‘ನೀರದ’ ಮಾಡಿದರು, ನಾವು ಅದನ್ನು ಮೋಡ ಎಂದು ವಾಪಸ್ ಇಟ್ಟುಕೊಂಡೆವು. ಈಗ ಅದನ್ನು ಯಾರಿಗೆ ಹಿಂದಿರುಗಿಸುತ್ತೀರಿ, ಸರ್?

ಕೇಳಿದವನಿಂದ
ಅಚ್ಚಿಗೆ ಕಳಿಸಿದೆ. ಸಿಹಿನೀರು, ಆವಿಯಾಗುವುದು, ಹನಿಗಟ್ಟುವುದು, ನೆಲದೊಳಗೆ ಇಂಗುವುದು, ಕೆಳಗೆ ‘ತುಂಬುವಷ್ಟೇ ತೆಗೆಯೋಣ’. ತಲೆಬರಹ ಜಲಚಕ್ರವೇ. ಸಮುದ್ರವನ್ನು ಕಡಲು ಮಾಡಿದ್ದೇನೆ, ಅಷ್ಟು ಒಪ್ಪಿಸಿಕೊಳ್ಳಿ. ಎಲ್ಲರಿಗೂ ಧನ್ಯವಾದ.

ಮರು 12
ಧನ್ಯವಾದ ಅಲ್ಲ, ನನ್ನಿ.

ಮರು 13
ಹಳಗನ್ನಡದಲ್ಲಿ ‘ನನ್ನಿ’ ಎಂದರೆ ಸತ್ಯ ಅಲ್ವಾ, ಸರ್?