ಎನ್‌ಇಎಸ್ ಗೇಮ್ ರೆಕಾರ್ಡಿಂಗ್: ಪಾತ್ರ ಮಾಯ, ಕೆಂಪು ಬಣ್ಣ ಕಲಸು, ಧ್ವನಿ ತಾಳ ತಪ್ಪು

ಮರಳುಗಡಿಯಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಿಂಟೆಂಡೊದ ಹಳೆಯ ಗೇಮ್ ಯಂತ್ರ ಎನ್‌ಇಎಸ್‌ನ ಗೇಮ್‌ಗಳ ದೃಶ್ಯಗಳನ್ನು ಕನ್ನಡ ವಿವರಣೆಯ ಜೊತೆ ಯೂಟ್ಯೂಬ್‌ಗೆ ಹಾಕಬೇಕು. ಎಮ್ಯುಲೇಟರ್ (ಆ ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಸಾಫ್ಟ್‌ವೇರ್) ಕಿಟಕಿಯನ್ನು ಪರದೆ ರೆಕಾರ್ಡ್ ಮಾಡುವ ಒಬಿಎಸ್‌ನಲ್ಲಿ ಹಿಡಿಯುತ್ತಿದ್ದೇನೆ: 1920×1080, 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್), ಬಿಟ್‌ರೇಟ್ 6000 ಕೆಬಿಪಿಎಸ್, ಬಣ್ಣದ ಮಾದರಿ ಎನ್‌ವಿ12.

ಏಟು ಬಿದ್ದ ಮೇಲೆ ಪಾತ್ರ ಮಿನುಗಬೇಕಲ್ಲ, ವಿಡಿಯೊದಲ್ಲಿ ಅದು ಪೂರ್ತಿ ಕಾಣೆಯಾಗುತ್ತದೆ, ಇಲ್ಲವೇ ಮಿನುಗುವುದೇ ಇಲ್ಲ. ಕಪ್ಪು ಹಿನ್ನೆಲೆಯ ಕೆಂಪು ಅಕ್ಷರಗಳು ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಹರಡುತ್ತವೆ. ಬಿಟ್‌ರೇಟ್ 20000ಕ್ಕೆ ಏರಿಸಿದರೂ ಎರಡೂ ಹಾಗೇ ಇವೆ. ಒಬಿಎಸ್ ಬಿಟ್ಟು ಎಮ್ಯುಲೇಟರ್‌ನದೇ ಎವಿಐ ತೆಗೆದು, ಎಡಿಟರ್‌ನಲ್ಲಿ ಅದನ್ನು 60 ಎಫ್‌ಪಿಎಸ್ ಎಂದು ಗೊತ್ತುಮಾಡಿದರೆ, ಗಂಟೆಯ ಕೊನೆಗೆ ಚಿತ್ರ ಧ್ವನಿಗಿಂತ ಸುಮಾರು ಆರು ಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಎಲ್ಲಿ ತಪ್ಪುತ್ತಿದೆ?

ಎಂಟರಿಂದೆಂಟು:

ಮರಳುಗಡಿಯಾರ ಅವರೇ, ಮೊದಲ ಎರಡಕ್ಕೂ ಬಿಟ್‌ರೇಟ್‌ಗೂ ಸಂಬಂಧವಿಲ್ಲ. ವಿಡಿಯೊ ಕುಗ್ಗಿಸುವ ಎನ್‌ಕೋಡರ್ ಕೈಗೆ ಸಿಗುವ ಮೊದಲೇ ಮಾಹಿತಿ ಕಳೆದುಹೋಗಿದೆ.

ಮಿನುಗುವ ಪಾತ್ರವನ್ನು ಬಹಳಷ್ಟು ಗೇಮ್‌ಗಳು ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್‌ನಲ್ಲಿ ಬರೆಯುತ್ತವೆ. ಎನ್‌ಇಎಸ್ ಒಂದು ಅಡ್ಡಸಾಲಿನಲ್ಲಿ 8 ಸ್ಪ್ರೈಟ್‌ಗಳನ್ನು (ಚಲಿಸುವ ಚಿಕ್ಕ ಚಿತ್ರಗಳನ್ನು) ಮಾತ್ರ ತೋರಿಸಬಲ್ಲದು, ಹಾಗಾಗಿ ಶತ್ರುಗಳು ಜಾಸ್ತಿಯಾದಾಗಲೂ ಸರದಿ ಮೇಲೆ ಮಿನುಗಿಸುತ್ತವೆ. 30 ಎಫ್‌ಪಿಎಸ್‌ನಲ್ಲಿ ಹಿಡಿದರೆ ನಿಮಗೆ ಸಿಗುವುದು ಬರೀ ಸಮ ಫ್ರೇಮ್ ಅಥವಾ ಬರೀ ಬೆಸ ಫ್ರೇಮ್. ಪಾತ್ರ ಯಾವ ಕಡೆ ಬಿದ್ದಿತ್ತೋ ಅದರ ಮೇಲೆ ಪೂರ್ತಿ ಕಾಣುತ್ತದೆ, ಇಲ್ಲವೇ ಪೂರ್ತಿ ಮಾಯ. 60ಕ್ಕೆ ಬನ್ನಿ, ಬೇರೆ ದಾರಿಯಿಲ್ಲ. ಯೂಟ್ಯೂಬ್ 60 ಎಫ್‌ಪಿಎಸ್ ಕೊಡುವುದು 720ಪಿ ಮತ್ತು ಮೇಲಿನ ಗುಣಮಟ್ಟದಲ್ಲಿ ಮಾತ್ರ. 480ಪಿಯಲ್ಲಿ ನೋಡುವವರಿಗೆ ಪಾತ್ರ ಮತ್ತೆ ಮಾಯವಾಗಬಹುದು, ವಿವರಣೆಯಲ್ಲಿ ಒಂದು ಸಾಲು ಬರೆದುಬಿಡಿ.

ಕೆಂಪಿನ ಕಥೆ ಬೇರೆ. ಎನ್‌ವಿ12 ಅಂದರೆ 4:2:0. ಬೆಳಕಿನ ಅಂಶ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಅಂಶ 2×2ರ ನಾಲ್ಕು ಪಿಕ್ಸೆಲ್‌ಗೆ ಒಂದೇ. ಕೆಂಪಿನ ಗುರುತು ಹೆಚ್ಚಾಗಿ ಬಣ್ಣದ ಅಂಶದಲ್ಲೇ ಇರುವುದರಿಂದ ಹೊಡೆತ ಮೊದಲು ಅದಕ್ಕೇ. ಮೂಲ ಚಿತ್ರ 256×240. ಅದನ್ನು 4:2:0ಗೆ ಇಳಿಸಿ ಆಮೇಲೆ ದೊಡ್ಡದು ಮಾಡಿದರೆ ಕಲಸಿದ್ದೇ ದೊಡ್ಡದಾಗುತ್ತದೆ. ಮೊದಲು ಪೂರ್ಣಾಂಕ ಪಟ್ಟು ಹಿಗ್ಗಿಸಿ, ಆಮೇಲೆ 4:2:0ಗೆ ಇಳಿಸಿದರೆ ಪ್ರತಿ ಮೂಲ ಪಿಕ್ಸೆಲ್‌ಗೂ ತನ್ನದೇ ಬಣ್ಣ ಉಳಿಯುತ್ತದೆ. 1080ರಲ್ಲಿ ಇನ್ನೊಂದು ತೊಡಕಿದೆ: 1080 ಅಂದರೆ 240ರ ನಾಲ್ಕೂವರೆ ಪಟ್ಟು, ಆದ್ದರಿಂದ ಕೆಲವು ಸಾಲು 4 ಪಿಕ್ಸೆಲ್, ಕೆಲವು 5 ಪಿಕ್ಸೆಲ್ ದಪ್ಪ ಬರುತ್ತವೆ, ಇಲ್ಲವೇ ಅಂಚುಗಳು ಮಸುಕಾಗುತ್ತವೆ. 240ನ್ನು 9ರಿಂದ ಗುಣಿಸಿದರೆ ಸರಿಯಾಗಿ 2160. ಎನ್‌ಇಎಸ್‌ಗೆ 4ಕೆ ಎತ್ತರ ಹೇಳಿ ಮಾಡಿಸಿದ್ದು.

ನಾನು ಹೇಳುವ ಕ್ರಮ: ರೆಟ್ರೋಆರ್ಚ್ ಎಮ್ಯುಲೇಟರ್‌ನಲ್ಲಿ ಸೆಟ್ಟಿಂಗ್ಸ್‌ನ ರೆಕಾರ್ಡಿಂಗ್ ಭಾಗಕ್ಕೆ ಹೋಗಿ ಗುಣಮಟ್ಟವನ್ನು ಲಾಸ್‌ಲೆಸ್ (ಏನೂ ಕಳೆಯದಂತೆ) ಮಾಡಿ, ಜಿಪಿಯು ರೆಕಾರ್ಡಿಂಗ್ ಆಫ್ ಮಾಡಿ. ಆಗ ಶೇಡರ್ (ಪರದೆಯ ಮೇಲೆ ಹಾಕುವ ದೃಶ್ಯ ಪರಿಣಾಮ) ಇಲ್ಲದ ಮೂಲ ಅಳತೆಯ ಚಿತ್ರ ಸಿಗುತ್ತದೆ. ರೆಕಾರ್ಡ್ ಮಾಡುವಾಗಲೇ ಹಿಗ್ಗಿಸಬೇಡಿ. ಮೂಲ ಅಳತೆಯಲ್ಲಿ ಕುಗ್ಗಿಸದ ಚಿತ್ರಕ್ಕೂ ಸೆಕೆಂಡಿಗೆ 11 ಎಂಬಿ ಸಾಕು, 9 ಪಟ್ಟು ಹಿಗ್ಗಿಸಿದರೆ ಅದೇ ಸುಮಾರು 900 ಎಂಬಿ ಆಗುತ್ತದೆ.

ಹಿಗ್ಗಿಸುವ ಕೆಲಸ ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ. ಅಳತೆ ಬದಲಿಸುವ ಸ್ಕೇಲ್ ಫಿಲ್ಟರ್‌ಗೆ ನೇಬರ್ (ಪಿಕ್ಸೆಲನ್ನು ಬೆರೆಸದೆ ಹಾಗೇ ನಕಲಿಸು) ಎಂಬ ಫ್ಲ್ಯಾಗ್ ಕೊಡಲೇಬೇಕು. ಕೊಡದಿದ್ದರೆ ಅದು ಅಕ್ಕಪಕ್ಕದ ಪಿಕ್ಸೆಲ್ ಬೆರೆಸುವ ಬೈಕ್ಯೂಬಿಕ್ ವಿಧಾನ ಹಿಡಿಯುತ್ತದೆ, ಅಂಚುಗಳೆಲ್ಲ ಮೆತ್ತಗಾಗುತ್ತವೆ. ಮೊದಲ ಹಂತ 2304×2160. ಎನ್‌ಇಎಸ್ ಪಿಕ್ಸೆಲ್ ಚೌಕವಲ್ಲ, ಅಗಲ ಎತ್ತರದ ಅನುಪಾತ 8:7. ಹಾಗಾಗಿ ಎರಡನೇ ಹಂತದಲ್ಲಿ ಅಗಲವನ್ನು ಮಾತ್ರ ಬೈಕ್ಯೂಬಿಕ್‌ನಿಂದ 2634ಕ್ಕೆ ಎಳೆಯಿರಿ. 9 ಪಟ್ಟು ಆದ ಮೇಲೆ ಈ ಎಳೆತ ಕಣ್ಣಿಗೆ ಕಾಣುವುದಿಲ್ಲ. ಲೆಕ್ಕಕ್ಕೆ 2633 ಬರುತ್ತದೆ, ಆದರೆ 4:2:0ಗೆ ಸಮಸಂಖ್ಯೆಯೇ ಬೇಕು. ಕೊನೆಯಲ್ಲಿ ಎಕ್ಸ್264 ಎನ್‌ಕೋಡರ್, ಸಿಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆಯಾದಷ್ಟೂ ಚೆನ್ನ) 16, ಪ್ರಿಸೆಟ್ ಸ್ಲೋ.

ತಾಳಬದ್ಧ:

ಮೂರನೆಯದಕ್ಕೆ ನನ್ನ ಉತ್ತರ. ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ಗಳ ಹಳೆಯ ಟಿವಿ ಪದ್ಧತಿ) ಎನ್‌ಇಎಸ್ ಓಡುವುದು 60ರಲ್ಲಿ ಅಲ್ಲ, 60.0988ರಲ್ಲಿ. ನಿಖರ ಭಿನ್ನರಾಶಿ 39375000/655171. ಗಂಟೆಗೆ ಸುಮಾರು 356 ಫ್ರೇಮ್ ಹೆಚ್ಚಿಗೆ ಬರುತ್ತವೆ. ಅವನ್ನೆಲ್ಲ 60ರ ವೇಗದಲ್ಲಿ ಓಡಿಸಿದರೆ ಚಿತ್ರ 5.9 ಸೆಕೆಂಡ್ ಉದ್ದವಾಗುತ್ತದೆ. ನಿಮ್ಮ ಆರು ಸೆಕೆಂಡ್ ಅದೇ.

ಒಬಿಎಸ್‌ನಲ್ಲಿ ಈ ಜಾರುವಿಕೆ ಕಾಣುವುದಿಲ್ಲ, ಏಕೆಂದರೆ ಅದು ಗಡಿಯಾರಕ್ಕೆ ಸರಿಯಾಗಿ 60 ಚಿತ್ರ ಎತ್ತಿಕೊಳ್ಳುತ್ತದೆ. ಎಮ್ಯುಲೇಟರ್ ತನ್ನ ಮೂಲ ವೇಗದಲ್ಲಿ ಓಡುತ್ತಿದ್ದರೆ ಹತ್ತು ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಬಿದ್ದುಹೋಗುತ್ತದೆ. ಅಡ್ಡಕ್ಕೆ ನಿಧಾನ ಸರಿಯುವ ಹಿನ್ನೆಲೆಯಲ್ಲಿ ಸಣ್ಣ ಜರ್ಕ್ ಕಂಡರೆ ಕಾರಣ ಇದು.

ಸರಿಪಡಿಸುವ ರೀತಿ: ಒಂದು ಫ್ರೇಮನ್ನೂ ಬಿಡದೆ ಚಿತ್ರವನ್ನು 60ಕ್ಕೆ ಇಳಿಸಿ, ಧ್ವನಿಗೆ ಎಫ್‌ಎಫ್‌ಎಂಪೆಗ್‌ನ ಅಟೆಂಪೊ (ವೇಗ ಬದಲಿಸುವ) ಫಿಲ್ಟರ್ ಹಾಕಿ 0.99836 ಕೊಡಿ. ಸ್ವರ ಬದಲಾಗುವುದಿಲ್ಲ, ಗಂಟೆಗೆ ಆರು ಸೆಕೆಂಡ್ ನಿಧಾನವಾಗುತ್ತದೆ ಅಷ್ಟೆ. ಆದರೆ ಸ್ಪೀಡ್‌ರನ್ (ಗೇಮನ್ನು ಆದಷ್ಟು ಬೇಗ ಮುಗಿಸುವ ಪಂದ್ಯ) ಸಮಯ ತೋರಿಸುವ ವಿಡಿಯೊ ಆದರೆ ದಯವಿಟ್ಟು ಹೀಗೆ ಮಾಡಬೇಡಿ, ಸಮಯ ಸುಳ್ಳಾಗುತ್ತದೆ. ಅಲ್ಲಿ ಮೂಲ ಫ್ರೇಮ್‌ರೇಟನ್ನೇ ಉಳಿಸಿ.

ಎಡಿಟರ್ ಆಗಿ ಡಾವಿಂಚಿ ರಿಸಾಲ್ವ್ ಬಳಸುವುದಾದರೆ ಪ್ರಾಜೆಕ್ಟ್‌ನ ಫ್ರೇಮ್‌ರೇಟ್ 60 ಎಂದು ಮೊದಲೇ ಇಡಿ. ಕ್ಲಿಪ್ ಒಳಗೆ ಬಂದ ಮೇಲೆ ಅದನ್ನು ಬದಲಿಸಲು ಬಿಡುವುದಿಲ್ಲ.

ಬೆಳ್ಳಿಪರದೆ:

ಎಂಟರಿಂದೆಂಟು ಹೇಳಿದ ಕ್ರಮಕ್ಕೆ ಒಂದು ಸೇರಿಸಬೇಕು, ಇಲ್ಲದಿದ್ದರೆ ಬಣ್ಣ ಮತ್ತೆ ಕೆಡುತ್ತದೆ. ಆರ್‌ಜಿಬಿಯಿಂದ (ಕೆಂಪು, ಹಸಿರು, ನೀಲಿ) ವೈಯುವಿಗೆ (ಬೆಳಕು ಮತ್ತು ಬಣ್ಣ ಬೇರೆ ಬೇರೆ) ತರುವಾಗ ಏನೂ ಹೇಳದೆ ಬಿಟ್ಟರೆ ಎಫ್‌ಎಫ್‌ಎಂಪೆಗ್ ಹಳೆಯ ಟಿವಿ ಅಳತೆಯ ಬಿಟಿ.601 ಮ್ಯಾಟ್ರಿಕ್ಸ್ (ಬಣ್ಣ ಪರಿವರ್ತನೆಯ ಸೂತ್ರ) ಬಳಸುತ್ತದೆ. ಎಚ್‌ಡಿ ಅಳತೆಯ ವಿಡಿಯೊ ಕಂಡ ಪ್ಲೇಯರ್ ಅದನ್ನು ಬಿಟಿ.709 ಎಂದು ಓದುತ್ತದೆ. ಕೆಂಪು, ಹಸಿರು ಎರಡೂ ಸ್ವಲ್ಪ ಸ್ವಲ್ಪ ತಪ್ಪುತ್ತವೆ. ಸ್ಕೇಲ್ ಫಿಲ್ಟರ್‌ನಲ್ಲೇ ಹೊರಹೋಗುವ ಮ್ಯಾಟ್ರಿಕ್ಸ್ 709, ರೇಂಜ್ ಲಿಮಿಟೆಡ್ ಎಂದು ಹೇಳಿ. ಫೈಲಿನ ಮೇಲೂ 709ರ ಗುರುತು ಹಾಕಿ. ಬರೀ ಗುರುತು ಹಾಕಿದರೆ ಪರಿವರ್ತನೆ ಆಗುವುದಿಲ್ಲ, ಎರಡೂ ಬೇಕು.

ಮುಂದೆ ನಿಂಟೆಂಡೊದ ಕೈಯಲ್ಲಿ ಹಿಡಿಯುವ ಯಂತ್ರ ಗೇಮ್ ಬಾಯ್‌ನ ಗೇಮ್ ಮಾಡುವ ಯೋಚನೆ ಇದ್ದರೆ: 160×144, 15 ಪಟ್ಟು ಅಂದರೆ 2400×2160, ಪಿಕ್ಸೆಲ್ ಚೌಕ. ವೇಗ 59.7275, ಆದ್ದರಿಂದ ಅಟೆಂಪೊ 1.00456. ಆ ಯಂತ್ರದ ಎಲ್‌ಸಿಡಿ ನಿಧಾನವಾದ್ದರಿಂದ ಮಿನುಗುವ ಸ್ಪ್ರೈಟ್ ಅಲ್ಲಿ ಅರೆಪಾರದರ್ಶಕವಾಗಿಯೇ ಕಾಣುತ್ತಿತ್ತು. ಗೇಮ್ ಬಾಯ್‌ಗೆ ಅಕ್ಕಪಕ್ಕದ ಎರಡು ಫ್ರೇಮ್ ಬೆರೆಸುವುದು ಸರಿ, ಎನ್‌ಇಎಸ್‌ಗೆ ಬೆರೆಸಬೇಡಿ. ಟಿವಿಯಲ್ಲಿ ಅದು ನಿಜವಾಗಿಯೂ ಮಿನುಗುತ್ತಿತ್ತು.

ಮರಳುಗಡಿಯಾರ:

ಮೂವರಿಗೂ ಧನ್ಯವಾದ. ಎರಡು ಸಂದೇಹ. 30ರಲ್ಲಿ ಹಿಡಿದ ಹಳೆಯ ಫೈಲ್‌ಗಳನ್ನು ಉಳಿಸಿಕೊಳ್ಳಬಹುದೇ? ಮತ್ತೆ ಎಫ್‌ಸಿಇಯುಎಕ್ಸ್ ಎಮ್ಯುಲೇಟರ್‌ನಲ್ಲಿ ನನಗೆ 240 ಸಾಲು ಬರುತ್ತಿಲ್ಲ, 224 ಬರುತ್ತಿದೆ.

ಎಂಟರಿಂದೆಂಟು:

ಹಳೆಯವು ಆಗುವುದಿಲ್ಲ. ಹಿಡಿಯದ ಫ್ರೇಮನ್ನು ಯಾವ ಫಿಲ್ಟರೂ ಮರಳಿ ತರಲಾರದು. ನಡುವಿನ ಫ್ರೇಮ್ ಊಹಿಸುವ ಸಾಫ್ಟ್‌ವೇರ್‌ಗಳೂ ಇಲ್ಲದ ಪಾತ್ರವನ್ನು ಬರೆಯುವುದಿಲ್ಲ. ಇನ್ನು ಮುಂದೆ ಎಫ್‌ಸಿಇಯುಎಕ್ಸ್‌ನಲ್ಲಿ ಆಡುವಾಗ ಮೂವಿ ರೆಕಾರ್ಡ್ ಹಾಕಿಕೊಳ್ಳಿ. ಅದು ಚಿತ್ರವನ್ನಲ್ಲ, ನೀವು ಒತ್ತಿದ ಬಟನ್‌ಗಳನ್ನು ಮಾತ್ರ ಫ್ರೇಮ್ ಫ್ರೇಮ್ ಬರೆದಿಡುತ್ತದೆ, ಫೈಲ್ ತುಂಬ ಚಿಕ್ಕದು. ಆಮೇಲೆ ಅದನ್ನೇ ಮತ್ತೆ ಓಡಿಸಿ ಎವಿಐ ತೆಗೆಯಬಹುದು, ಸೆಟ್ಟಿಂಗ್ ತಪ್ಪಿದರೆ ಇನ್ನೊಮ್ಮೆ ತೆಗೆಯಬಹುದು, ಆಡುವಾಗ ಕಂಪ್ಯೂಟರ್ ಮೇಲೆ ಹೊರೆಯೂ ಇಲ್ಲ. ಅದೇ ರಾಮ್ (ROM, ಗೇಮ್‌ನ ಪ್ರತಿ) ಫೈಲ್, ಸಾಧ್ಯವಾದಷ್ಟು ಅದೇ ಆವೃತ್ತಿಯ ಎಮ್ಯುಲೇಟರ್ ಇಟ್ಟುಕೊಳ್ಳಿ. ಒಂದು ಫ್ರೇಮ್ ವ್ಯತ್ಯಾಸವಾದರೂ ಪಾತ್ರ ಗೋಡೆಗೆ ಮುಖ ಮಾಡಿ ಓಡುತ್ತಿರುತ್ತದೆ. ಎವಿಐಗೆ ಏನೂ ಕಳೆಯದ ಲಾಗರಿತ್ ಅಥವಾ ಯುಟಿ ವಿಡಿಯೊ ಕೋಡೆಕ್ ಆರಿಸಿ, ಆರ್‌ಜಿಬಿ ಮೋಡ್‌ನಲ್ಲೇ.

224ರ ಕಾರಣ: ಹಳೆಯ ಟಿವಿಗಳಲ್ಲಿ ಮೇಲೆ ಕೆಳಗೆ ಕೆಲವು ಸಾಲು ಕಾಣುತ್ತಿರಲಿಲ್ಲವಾದ್ದರಿಂದ ಅದು 8ರಿಂದ 231ರವರೆಗಿನ ಸಾಲುಗಳನ್ನಷ್ಟೇ ತೋರಿಸುತ್ತದೆ. ವಿಡಿಯೊ ಸೆಟ್ಟಿಂಗ್‌ನಲ್ಲಿ 0ರಿಂದ 239 ಮಾಡಬಹುದು. ಆದರೆ ಕೆಲವು ಗೇಮ್‌ಗಳಲ್ಲಿ ಸ್ಕ್ರಾಲ್ ಆಗುವಾಗ ಆ ಅಂಚಿನಲ್ಲಿ ಅರೆಬರೆ ಟೈಲ್‌ಗಳು ಕಾಣುತ್ತವೆ. ಅಂಥವಕ್ಕೆ 224ನ್ನೇ ಇಟ್ಟು, 9 ಪಟ್ಟು ಹಿಗ್ಗಿಸಿ 2016 ಮಾಡಿ, ಮೇಲೆ 72 ಕೆಳಗೆ 72 ಕಪ್ಪು ಸಾಲು ತುಂಬಿ.